ಬಹುವಿಶ್ವದ ಹೆಸರಿನಲ್ಲಿ ಸುಳ್ಳು ಸಮಾಧಾನ



ಈ ಸಲ ನೆನಪಿನ ಬುತ್ತಿಯನ್ನು ಬದಿಗಿರಿಸಿ ಸ್ವಲ್ಪ ಜಗಳದ ಧಾಟಿಯಲ್ಲಿಯೇ ಬರೆಯುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಬೋಧಿಸಿದವನಿಗೆ ಅಷ್ಟು ಅಧಿಕಾರವನ್ನು ನೀವು ಕೊಡುವಿರೆಂದು ನಂಬಿದ್ದೇನೆ.

ಕಳೆದ ವರ್ಷ ನಮ್ಮ ಬಂಧುವರ್ಗದಲ್ಲಿ ಇಪ್ಪತ್ತೆರಡರ ಹರೆಯದ ಹುಡುಗನೊಬ್ಬ ರಸ್ತೆ ಅಪಘಾತದಲ್ಲಿ ತೀರಿಕೊಂಡ. ವೈಕುಂಠ ಸಮಾರಾಧನೆಯ ದಿನ ಊಟ ಮುಗಿದು ಎಲ್ಲರೂ ಜಗಲಿಯಲ್ಲಿ ಕುಳಿತಿದ್ದಾಗ, ಇಂಜಿನಿಯರಿಂಗ್ ಓದಿ ಒಳ್ಳೆಯ ಉದ್ಯೋಗದಲ್ಲಿರುವ ಯುವಕನೊಬ್ಬ ಆ ತಾಯಿಯ ಪಕ್ಕದಲ್ಲಿ ಕುಳಿತು ಸಮಾಧಾನ ಹೇಳತೊಡಗಿದ. "ಚಿಕ್ಕಮ್ಮಾ, ಅವನು ಇಲ್ಲ ಎಂದುಕೊಳ್ಳಬೇಡಿ. ಸ್ಟ್ರಿಂಗ್ ಥಿಯರಿ ಪ್ರಕಾರ ಲೆಕ್ಕವಿಲ್ಲದಷ್ಟು ವಿಶ್ವಗಳಿವೆ. ವಿಜ್ಞಾನ ಇದನ್ನು ಸಾಬೀತು ಮಾಡಿದೆ. ಬೇರೊಂದು ವಿಶ್ವದಲ್ಲಿ ಆ ಲಾರಿ ಬರಲೇ ಇಲ್ಲ, ಅವನು ಮನೆಗೆ ಬಂದು ನಿಮ್ಮ ಜೊತೆ ಊಟ ಮಾಡುತ್ತಿದ್ದಾನೆ. ನಮ್ಮ ಹಿರಿಯರು ಅನಂತಕೋಟಿ ಬ್ರಹ್ಮಾಂಡ ಎಂದದ್ದೂ ಇದನ್ನೇ." ಸುತ್ತಲಿದ್ದವರು ತಲೆದೂಗಿದರು. ಸ್ವಲ್ಪ ಹೊತ್ತಿನ ಮೇಲೆ ಆ ತಾಯಿ ನನ್ನ ಬಳಿ ಬಂದು, "ನೀವು ಸೈನ್ಸ್ ಮೇಷ್ಟ್ರು. ಅವನು ಹೇಳಿದ್ದು ನಿಜವೇ?" ಎಂದು ಕೇಳಿದರು.

"ಯಾರಿಗೂ ಗೊತ್ತಿಲ್ಲಮ್ಮ" ಎಂದೆ.

"ಹಾಗಾದರೆ ಗೊತ್ತಿದೆ ಅಂತ ಯಾಕೆ ಹೇಳಿದ?" ಎಂದರು. ನನ್ನಲ್ಲಿ ಆಗ ಉತ್ತರವಿರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ವಿಷಯವನ್ನು ನೆಟ್ಟಗೆ ತಿಳಿಯೋಣ. 1968ರಲ್ಲಿ ಗೇಬ್ರಿಯೇಲ್ ವೆನೆಜಿಯಾನೊ ಎಂಬ ಇಟಲಿಯ ಭೌತವಿಜ್ಞಾನಿ, ಪರಮಾಣು ಬೀಜದೊಳಗಿನ ಪ್ರಬಲ ಬಲವನ್ನು ವಿವರಿಸಲು ಆಯ್ಲರನ ಒಂದು ಹಳೆಯ ಗಣಿತ ಸೂತ್ರವನ್ನು ಬಳಸಿದ. ಆ ಸೂತ್ರ ಕಂಪಿಸುವ ಎಳೆಗಳ ವರ್ಣನೆಯಂತಿದೆಯೆಂದು ನಂಬು, ನೀಲ್ಸನ್, ಸಸ್ಕಿಂಡ್ ಮುಂತಾದವರು ಬಳಿಕ ತೋರಿಸಿದರು. 1974ರಲ್ಲಿ ಶೆರ್ಕ್ ಮತ್ತು ಶ್ವಾರ್ಜ್, ಈ ಎಳೆಗಳ ಒಂದು ಕಂಪನ ಗುರುತ್ವದ ಕಣಕ್ಕೆ ಹೊಂದುತ್ತದೆಂದು ಕಂಡುಕೊಂಡರು. 1984ರಲ್ಲಿ ಗ್ರೀನ್ ಮತ್ತು ಶ್ವಾರ್ಜ್ ಸಿದ್ಧಾಂತದೊಳಗಿನ ಒಂದು ದೊಡ್ಡ ಗಣಿತ ವಿರೋಧವನ್ನು ಪರಿಹರಿಸಿದ ಮೇಲೆ ಜಗತ್ತಿನ ಪ್ರತಿಭಾವಂತರು ಇತ್ತ ಧಾವಿಸಿದರು. ವೀಣೆಯ ಒಂದೇ ತಂತಿ ಬೇರೆ ಬೇರೆ ಸ್ವರ ಹೊರಡಿಸುವಂತೆ, ಒಂದೇ ಬಗೆಯ ಸೂಕ್ಷ್ಮ ತಂತು ಬೇರೆ ಬೇರೆ ರೀತಿಯಲ್ಲಿ ಕಂಪಿಸಿ ಬೇರೆ ಬೇರೆ ಕಣಗಳಾಗಿ ತೋರುತ್ತದೆ ಎಂಬುದು ಇದರ ತಿರುಳು. ಲೆಕ್ಕ ಕೂಡಿಬರಲು ಹತ್ತು ಆಯಾಮಗಳು ಬೇಕು. 1995ರಲ್ಲಿ ಎಡ್ವರ್ಡ್ ವಿಟ್ಟನ್ ಹನ್ನೊಂದು ಎಂದರು. ನಾವು ಕಾಣುವುದು ದೇಶದ ಮೂರು, ಕಾಲದ ಒಂದು. ಉಳಿದವು ಎಲ್ಲೋ ಸುರುಳಿ ಸುತ್ತಿಕೊಂಡಿರಬೇಕು.

ಇದು ಸುಂದರವಾದ ವಿಚಾರ. ಇದರ ಗಣಿತವನ್ನು ನಾನು ಅರಿತವನಲ್ಲ. ಅರಿತವರ ಬಗ್ಗೆ ನನಗೆ ಅಪಾರ ಗೌರವವಿದೆ. ಬೆಂಗಳೂರಿನ ಹೊರವಲಯದ ಶಿವಕೋಟೆಯಲ್ಲಿರುವ ಐ.ಸಿ.ಟಿ.ಎಸ್. ಸಂಸ್ಥೆಯಲ್ಲಿ ಈ ಕ್ಷೇತ್ರದ ಗಂಭೀರ ಸಂಶೋಧನೆ ನಡೆದಿದೆ. ಭಾರತದ ಅಶೋಕ ಸೇನ್ ಅವರು 2012ರಲ್ಲಿ ಮೊದಲ ಫಂಡಮೆಂಟಲ್ ಫಿಸಿಕ್ಸ್ ಪ್ರಶಸ್ತಿ ಪಡೆದ ಒಂಬತ್ತು ಮಂದಿಯಲ್ಲಿ ಒಬ್ಬರು. ನನ್ನ ಜಗಳ ಇಂಥವರೊಡನೆ ಅಲ್ಲ. ಅವರು "ಹೀಗಿದ್ದರೆ" ಎಂದು ಲೆಕ್ಕ ಹಾಕುತ್ತಾರೆ. ನನ್ನ ಜಗಳ, ಆ "ಹೀಗಿದ್ದರೆ" ಎಂಬುದನ್ನು "ಹೀಗಿದೆ" ಎಂದು ತಿದ್ದಿ ಮಾರುವವರೊಡನೆ.

ಸಾಬೀತಾಗಿದೆಯೇ? ಇಲ್ಲ. ತಂತುವಿನ ಸಹಜ ಅಳತೆಯೆಂದು ಭಾವಿಸಲಾಗುವ ಪ್ಲಾಂಕ್ ಉದ್ದ ಎಷ್ಟು ಕಿರಿದೆಂದರೆ, ಒಂದು ಪ್ರೋಟಾನನ್ನು 1ರ ಮುಂದೆ 20 ಸೊನ್ನೆ ಇಟ್ಟಷ್ಟು ಭಾಗ ಮಾಡಿದರೆ ಅದರಲ್ಲೊಂದು ಭಾಗ. ಜಿನೀವಾದ ಬಳಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಕಟ್ಟಿದ ಮಹಾಯಂತ್ರ 2012ರಲ್ಲಿ ಹಿಗ್ಸ್ ಕಣವನ್ನು ಕಂಡಿತು. ಆ ಕಣವನ್ನು 1964ರಲ್ಲಿಯೇ ಊಹಿಸಲಾಗಿತ್ತು. ನಲವತ್ತೆಂಟು ವರ್ಷ ಕಾದು, ಹುಡುಕಿ, ಕಂಡ ಮೇಲೆಯೇ ನೊಬೆಲ್ ಬಂತು. ಅದೇ ಯಂತ್ರದಲ್ಲಿ ಕಾಣಬಹುದೆಂದು ಹಲವರು ಆಶಿಸಿದ್ದ ಸೂಪರ್‌ಸಿಮೆಟ್ರಿಯ ಜೋಡಿಕಣಗಳು ಈವರೆಗೆ ಕಂಡಿಲ್ಲ. ತಂತುವನ್ನೇ ನೇರವಾಗಿ ಕಾಣಬೇಕಾದರೆ ಆ ಯಂತ್ರದ ಸುಮಾರು 1ರ ಮುಂದೆ 15 ಸೊನ್ನೆಗಳಷ್ಟು ಪಟ್ಟು ಶಕ್ತಿ ಬೇಕಾದೀತು.

ಇನ್ನು ವಿಶ್ವಗಳ ಸಂಖ್ಯೆ. ಆ ಹೆಚ್ಚುವರಿ ಆಯಾಮಗಳನ್ನು ಸುರುಳಿ ಸುತ್ತುವ ರೀತಿಗಳು ಒಂದೆರಡಲ್ಲ. 1ರ ಮುಂದೆ 500 ಸೊನ್ನೆಗಳಷ್ಟು ಎಂಬುದು ಪ್ರಚಲಿತ ಅಂದಾಜು. 2003ರಲ್ಲಿ ಕಛ್ರು, ಕಲೋಶ್, ಲಿಂಡೆ ಹಾಗೂ ಮುಂಬಯಿಯ ಟಾಟಾ ಸಂಸ್ಥೆಯ ಸಂದೀಪ್ ತ್ರಿವೇದಿ ಬರೆದ ಪ್ರಬಂಧದ ಬಳಿಕ ಈ ಚರ್ಚೆ ಜೋರಾಯಿತು. ಪ್ರತಿಯೊಂದು ರೀತಿಯೂ ಬೇರೆ ನಿಯಮಗಳ ಒಂದೊಂದು ವಿಶ್ವವಾಗಿ ಎಲ್ಲೋ ಇದೆ, ನಮ್ಮದು ಅವುಗಳಲ್ಲೊಂದು ಎಂದು ಸಸ್ಕಿಂಡ್ ಮುಂತಾದವರು ವಾದಿಸಿದರು. ಗಮನಿಸಿ: ನಮ್ಮ ವಿಶ್ವವೇ ಏಕೆ ಹೀಗಿದೆ ಎಂದು ಹೇಳಲು ಹೊರಟ ಸಿದ್ಧಾಂತ, ಎಲ್ಲ ಬಗೆಯ ವಿಶ್ವಗಳೂ ಇವೆ ಎಂಬಲ್ಲಿಗೆ ಬಂದು ನಿಂತಿತು. ಯಾವ ಉತ್ತರ ಬರೆದರೂ ಅಂಕ ಸಿಗುವ ಪ್ರಶ್ನೆಪತ್ರಿಕೆಯಿಂದ ವಿದ್ಯಾರ್ಥಿಯ ಯೋಗ್ಯತೆ ತಿಳಿಯುವುದೇ?

ಆ ಯುವಕ ಇನ್ನೊಂದು ಕಲಸುಮೇಲೋಗರವನ್ನೂ ಮಾಡಿದ್ದ. "ಲಾರಿ ಬಾರದ ವಿಶ್ವ" ತಂತು ಸಿದ್ಧಾಂತದ ಕೊಡುಗೆಯೇ ಅಲ್ಲ. ಅದು 1957ರಲ್ಲಿ ಹ್ಯೂ ಎವೆರೆಟ್ ಎಂಬ ಅಮೆರಿಕನ್ ಸಂಶೋಧಕ ಕ್ವಾಂಟಮ್ ವಿಜ್ಞಾನಕ್ಕೆ ಕೊಟ್ಟ ವ್ಯಾಖ್ಯಾನದಿಂದ ಬಂದದ್ದು. ಪ್ರತಿ ಕ್ವಾಂಟಮ್ ಘಟನೆಯಲ್ಲಿಯೂ ಸಾಧ್ಯವಿರುವ ಎಲ್ಲ ಫಲಿತಾಂಶಗಳೂ ಒಂದೊಂದು ಕವಲಾಗಿ ನಡೆಯುತ್ತವೆ ಎಂಬುದು ಅದು. ಎರಡೂ ಬೇರೆ ವಿಚಾರಗಳು, ಎರಡೂ ಸಿದ್ಧವಾಗದವು. ಎರಡು ಊಹೆಗಳನ್ನು ಕೂಡಿಸಿದರೆ ಒಂದು ಸತ್ಯವಾಗುವುದಿಲ್ಲ.

ಕಾಣದ್ದೆಲ್ಲ ಸುಳ್ಳೇ ಮೇಷ್ಟ್ರೇ ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಅಲ್ಲ. ಹತ್ತನೆಯ ತರಗತಿಯಲ್ಲಿ ನಾನು ಹೇಳುತ್ತಿದ್ದ ಲವೆರಿಯೇ ಎಂಬ ಫ್ರೆಂಚ್ ಖಗೋಳಜ್ಞನ ಕಥೆ ನೆನಪಿದೆಯೇ? ಯುರೇನಸ್ ಲೆಕ್ಕಕ್ಕೆ ಸರಿಯಾಗಿ ಚಲಿಸುತ್ತಿರಲಿಲ್ಲ. ಕಾಣದ ಗ್ರಹವೊಂದು ಅದನ್ನು ಸೆಳೆಯುತ್ತಿದೆ, ಇಂಥ ಕಡೆ ನೋಡಿ ಎಂದು ಲವೆರಿಯೇ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ನೆಪ್ಚೂನ್ ಸಿಕ್ಕಿತು. ಮುಂದೆ ಬುಧನ ಕಕ್ಷೆಯಲ್ಲಿಯೂ ವ್ಯತ್ಯಾಸ ಕಂಡಿತು. ಅದೇ ಲವೆರಿಯೇ ಅದೇ ವಿಧಾನದಿಂದ, ಸೂರ್ಯನ ಸಮೀಪ ವಲ್ಕನ್ ಎಂಬ ಗ್ರಹವಿದೆಯೆಂದ. ಹುಡುಕಿದರು, ಸಿಗಲಿಲ್ಲ. 1877ರಲ್ಲಿ ಅವನು ತೀರಿಕೊಂಡ. 1915ರಲ್ಲಿ ಐನ್‌ಸ್ಟೈನ್ ಯಾವ ಹೊಸ ಗ್ರಹವೂ ಇಲ್ಲದೆ ಬುಧನ ಲೆಕ್ಕವನ್ನು ಸರಿಪಡಿಸಿದ. ಅದೇ ಮನುಷ್ಯ, ಅದೇ ಬುದ್ಧಿ, ಅದೇ ಗಣಿತ: ಒಂದು ನಿಜ, ಒಂದು ಸುಳ್ಳು. ಯಾವುದು ಯಾವುದೆಂದು ತೀರ್ಮಾನಿಸಿದ್ದು ಗಣಿತದ ಸೌಂದರ್ಯವಲ್ಲ, ಆಕಾಶ. ದೂರದರ್ಶಕ ತಿರುಗಿಸಲು ಜಾಗವೇ ಇಲ್ಲದ ಬಹುವಿಶ್ವಕ್ಕೆ ತೀರ್ಪು ಕೊಡುವವರು ಯಾರು?

ನಮ್ಮ ನ್ಯಾಯಶಾಸ್ತ್ರ ಈ ಮಾತನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎಂದು ಅನುಮಾನಿಸುತ್ತೇವೆ. ಈ ಅನುಮಾನ ನಿಲ್ಲುವುದು ಅಡುಗೆಮನೆಯಲ್ಲಿ ಹೊಗೆ ಮತ್ತು ಬೆಂಕಿಯನ್ನು ಜೊತೆಯಾಗಿ ಕಂಡಿರುವುದರಿಂದ. ಅದಕ್ಕೆ ವ್ಯಾಪ್ತಿ ಎಂದು ಹೆಸರು. ಲವೆರಿಯೇನ ಬಳಿ ವ್ಯಾಪ್ತಿಯಿತ್ತು: ಒಂದು ಗ್ರಹ ಇನ್ನೊಂದನ್ನು ಸೆಳೆಯುವುದನ್ನು ಅವನು ಕಂಡಿದ್ದ. ನಾವು ಕಂಡಿರುವ ವಿಶ್ವ ಒಂದೇ. ವಿಶ್ವದ ನಿಯಮಗಳು ಹೀಗಿದ್ದಾಗಲೆಲ್ಲ ಪಕ್ಕದಲ್ಲಿ ಬೇರೆ ವಿಶ್ವಗಳಿರುತ್ತವೆ ಎಂದು ತಿಳಿಯುವ ಅಡುಗೆಮನೆ ನಮಗೆಲ್ಲಿದೆ?

ಪ್ರತಿಪಕ್ಷದ ಬಲವಾದ ವಾದವನ್ನು ಮುಚ್ಚಿಡುವುದು ಮೇಷ್ಟ್ರಿಗೆ ಶೋಭಿಸದು. 1987ರಲ್ಲಿ ಸ್ಟೀವನ್ ವೈನ್‌ಬರ್ಗ್ ಒಂದು ಲೆಕ್ಕ ಮಾಡಿದರು. ಶೂನ್ಯಾಕಾಶದ ಶಕ್ತಿ ಒಂದು ಮಿತಿಗಿಂತ ಹೆಚ್ಚಿದ್ದರೆ ಗೆಲಾಕ್ಸಿಗಳೇ ರೂಪುಗೊಳ್ಳುತ್ತಿರಲಿಲ್ಲ, ನಾವೂ ಇರುತ್ತಿರಲಿಲ್ಲ. ಆದ್ದರಿಂದ ಅನೇಕ ವಿಶ್ವಗಳಿದ್ದರೆ, ನಮ್ಮಂಥವರಿರುವ ವಿಶ್ವದಲ್ಲಿ ಅದು ಆ ಮಿತಿಯೊಳಗೆ, ಆದರೆ ಸೊನ್ನೆಯಾಗದೆ, ಇರಬಹುದು ಎಂದರು. 1998ರಲ್ಲಿ ದೂರದ ಸೂಪರ್‌ನೋವಾಗಳನ್ನು ಅಳೆದವರು ವಿಶ್ವದ ಹಿಗ್ಗುವಿಕೆ ವೇಗಗೊಳ್ಳುತ್ತಿದೆ ಎಂದು ಕಂಡರು. ಆ ಶಕ್ತಿ ಸೊನ್ನೆಯಲ್ಲ, ಮಿತಿಯೊಳಗೇ ಇದೆ ಎಂದು ತೋರಿತು. ಇದು ತಳ್ಳಿಹಾಕುವ ಮಾತಲ್ಲ. ಆದರೆ ಮಿತಿಯನ್ನು ಹಾಕಿದ್ದು ಗೆಲಾಕ್ಸಿಗಳು ಇವೆ ಎಂಬ ಸಂಗತಿ; ವಿಶ್ವ ಒಂದೇ ಆಗಿದ್ದರೂ ಆ ಮಿತಿ ನಿಲ್ಲುತ್ತದೆ. ಬಹುವಿಶ್ವದಿಂದ ಬಂದದ್ದು ಸೊನ್ನೆಯಾಗಿರದು ಎಂಬ ನಿರೀಕ್ಷೆ ಮಾತ್ರ. ಅದು ಆಲೋಚಿಸಬೇಕಾದ ಸೂಚನೆ, ಸಾಕ್ಷ್ಯವಲ್ಲ. 2014ರಲ್ಲಿ ಜಾರ್ಜ್ ಎಲ್ಲಿಸ್ ಮತ್ತು ಜೋ ಸಿಲ್ಕ್ ಎಂಬ ಇಬ್ಬರು ಹಿರಿಯ ವಿಜ್ಞಾನಿಗಳು "ನೇಚರ್" ಪತ್ರಿಕೆಯಲ್ಲಿ ಎಚ್ಚರಿಸಿದ್ದೂ ಇದನ್ನೇ: ಪರೀಕ್ಷೆಗೆ ಒಡ್ಡಿಕೊಳ್ಳದ ಸಿದ್ಧಾಂತಕ್ಕೆ ರಿಯಾಯಿತಿ ಕೊಟ್ಟರೆ ವಿಜ್ಞಾನದ ಮೇಲಿನ ಜನರ ನಂಬಿಕೆಯೇ ಕುಸಿದೀತು.

"ನಮ್ಮವರು ಮೊದಲೇ ಹೇಳಿದ್ದರು" ಎನ್ನುವವರಿಗೂ ಎರಡು ಮಾತು. ಹೌದು, ಯೋಗವಾಸಿಷ್ಠದ ಲೀಲೋಪಾಖ್ಯಾನದಲ್ಲಿ, ಪತಿಯನ್ನು ಕಳೆದುಕೊಂಡ ರಾಣಿ ಲೀಲೆ ಸರಸ್ವತಿಯ ಅನುಗ್ರಹದಿಂದ ಅವನು ಬೇರೊಂದು ಲೋಕದಲ್ಲಿ ಬೇರೊಬ್ಬ ರಾಜನಾಗಿ ಆಳುತ್ತಿರುವುದನ್ನು ಕಾಣುತ್ತಾಳೆ. ಆದರೆ ವಸಿಷ್ಠರು ರಾಮನಿಗೆ ಈ ಕಥೆ ಹೇಳುವುದು ಖಗೋಳಪಾಠಕ್ಕಾಗಿ ಅಲ್ಲ. ಆ ಲೋಕದಂತೆ ಈ ಲೋಕವೂ ಚಿತ್ತದ ತೋರಿಕೆ ಎಂದು ತಿಳಿಸಿ ವೈರಾಗ್ಯ ಹುಟ್ಟಿಸುವುದಕ್ಕಾಗಿ. ಆ ಗ್ರಂಥವನ್ನು "ಅವನು ಅಲ್ಲಿ ಸುಖವಾಗಿದ್ದಾನೆ" ಎಂಬುದಕ್ಕೆ ಪ್ರಮಾಣ ಮಾಡುವವರು ಗ್ರಂಥಕ್ಕೂ ಅನ್ಯಾಯ ಮಾಡುತ್ತಾರೆ, ಭೌತವಿಜ್ಞಾನಕ್ಕೂ. ಹಿರಿಯರ ಬಗ್ಗೆ ನಿಜವಾಗಿ ಹೆಮ್ಮೆಪಡಬೇಕಾದರೆ ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವನ್ನು ನೋಡಿ. ಸೃಷ್ಟಿ ಎಲ್ಲಿಂದ ಬಂತೆಂದು ಕೇಳುತ್ತ ಹೋದ ಆ ಋಷಿ, ಮೇಲಿರುವ ಅಧ್ಯಕ್ಷನಿಗೂ ಗೊತ್ತಿಲ್ಲದಿರಬಹುದು ಎಂಬ ಸಂಶಯದಲ್ಲಿ ಮುಗಿಸುತ್ತಾನೆ. ಅಷ್ಟು ಪ್ರಾಚೀನ ಕಾಲದಲ್ಲಿ "ಗೊತ್ತಿಲ್ಲ" ಎನ್ನುವ ಧೈರ್ಯವಿದ್ದವರ ವಂಶದವರು ನಾವು!

ಇರವಿನ ಪ್ರಶ್ನೆಗಾದರೂ ಬಹುವಿಶ್ವ ಉತ್ತರವೇ? ಏನೂ ಇಲ್ಲದಿರುವುದರ ಬದಲು ಏನೋ ಏಕಿದೆ ಎಂಬುದು ಮೂಲ ಪ್ರಶ್ನೆ. ಒಂದು ವಿಶ್ವದ ಜಾಗದಲ್ಲಿ ಅನಂತ ವಿಶ್ವಗಳನ್ನಿಟ್ಟರೆ ಆ ಪ್ರಶ್ನೆ ಕರಗದು. ಅವೆಲ್ಲವೂ ಏಕಿವೆ, ಅವನ್ನು ಹುಟ್ಟಿಸುವ ನಿಯಮ ಏಕಿದೆ ಎಂದು ದೊಡ್ಡದಾಗಿ ಮರಳಿ ಬರುತ್ತದೆ.

ಕೊನೆಗೆ ಆ ಸಮಾಧಾನದ ವಿಚಾರ. ವಾದಕ್ಕಾಗಿ ಎವೆರೆಟ್ ಹೇಳಿದ್ದು ನಿಜವೆಂದೇ ಇಟ್ಟುಕೊಳ್ಳೋಣ. ಆಗ ಮನೆಗೆ ಮರಳಿದ ಹುಡುಗನ ಎದುರಿಗೆ ಕುಳಿತ ತಾಯಿ ಬೇರೆ; ಈ ಜಗಲಿಯಲ್ಲಿ ಕುಳಿತ ತಾಯಿಗೆ ಸಿಕ್ಕಿದ್ದೇನು? ಅವನು ಬದುಕಿರುವ ಕವಲುಗಳಿದ್ದರೆ, ತಿಂಗಳುಗಟ್ಟಲೆ ನರಳಿ ಸತ್ತ ಕವಲುಗಳೂ, ಮಗುವಾಗಿದ್ದಾಗಲೇ ತೀರಿಹೋದ ಕವಲುಗಳೂ ಅಷ್ಟೇ ನಿಜ. ಬೇಕಾದದ್ದನ್ನು ಮಾತ್ರ ಆರಿಸಿ ಹೇಳುವುದು ಯಾವ ವಿಜ್ಞಾನ? ಇನ್ನೂ ಮುಂದೆ ಹೋಗಿ, ಆ ಲಾರಿಯ ಚಾಲಕ ಬಂದು, "ಇನ್ನೊಂದು ವಿಶ್ವದಲ್ಲಿ ನಾನು ಬ್ರೇಕ್ ಹಾಕಿದ್ದೇನೆ" ಎಂದರೆ ನಾವು ಒಪ್ಪುವೆವೇ? ನಡೆದದ್ದು ಇಲ್ಲಿ ನಡೆದಿದೆ, ಹೋದವನು ಹೋಗಿದ್ದಾನೆ ಎಂಬುದರಿಂದಲೇ ಅವನ ಬದುಕಿಗೆ ಬೆಲೆ, ಅವಳ ಅಳುವಿಗೆ ಅರ್ಥ, ಎಚ್ಚರದಿಂದ ವಾಹನ ಓಡಿಸಬೇಕೆಂಬ ನಿಯಮಕ್ಕೆ ಬಲ.

ಸ್ವರ್ಗದಲ್ಲಿದ್ದಾನೆ ಎಂದು ಅಜ್ಜಿಯೊಬ್ಬಳು ಹೇಳಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅವಳು ತನ್ನ ನಂಬಿಕೆಯನ್ನು ನಂಬಿಕೆಯೆಂದೇ ಹೇಳುತ್ತಾಳೆ. "ವಿಜ್ಞಾನ ಸಾಬೀತು ಮಾಡಿದೆ" ಎಂಬ ಮೊಹರು ಒತ್ತುವುದಿಲ್ಲ. ಆ ಮೊಹರಿಗೆ ಬೆಲೆ ಬಂದಿರುವುದು ಸಿಗದ ವಲ್ಕನನ್ನು ಸಿಗಲಿಲ್ಲ ಎಂದು ಒಪ್ಪಿಕೊಂಡವರಿಂದ. ಅದನ್ನು ಕಂಡಕಂಡಲ್ಲಿ ಒತ್ತಿದರೆ, ನಾಳೆ ಲಸಿಕೆಯ ಬಗ್ಗೆಯೋ ಕುಡಿಯುವ ನೀರಿನ ಬಗ್ಗೆಯೋ ವಿಜ್ಞಾನ ಹೇಳಿದ ನಿಜವನ್ನೂ ಯಾರೂ ನಂಬರು.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಯುವಕನೂ ನನ್ನ ತರಗತಿಯಲ್ಲಿ ಕುಳಿತವನೇ. ಒಮ್ಮೆ ಎದ್ದು ನಿಂತು, "ಸಾರ್, ವಿಶ್ವದ ಆಚೆ ಏನಿದೆ?" ಎಂದು ಕೇಳಿದ್ದ. ಪಾಠ ಮುಗಿಸುವ ಅವಸರದಲ್ಲಿದ್ದ ನಾನು, "ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ" ಎಂದಿದ್ದೆ. "ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ, ಆದರೆ ಹುಡುಕುತ್ತಿದ್ದಾರೆ" ಎಂದು ಅಂದೇ ಹೇಳಿದ್ದರೆ, ಆ ಮಾತನ್ನು ಅವನೂ ಕಲಿತಿರುತ್ತಿದ್ದನೋ ಏನೋ. ಆ ತಾಯಿಯ ಪ್ರಶ್ನೆಗೆ ಉತ್ತರದಲ್ಲಿ ಒಂದು ಪಾಲು ಇಲ್ಲಿದೆ. ಆದ್ದರಿಂದ ನಿಮ್ಮಲ್ಲಿ ಶಿಕ್ಷಕರಾಗಿರುವವರಿಗೂ ತಂದೆತಾಯಿಗಳಾಗಿರುವವರಿಗೂ ನನ್ನ ಬೇಡಿಕೆ ಇಷ್ಟೇ: ಮಕ್ಕಳೆದುರು "ಗೊತ್ತಿಲ್ಲ" ಎನ್ನಲು ನಾಚಬೇಡಿ. ಸಾವಿನ ಮನೆಯಲ್ಲಂತೂ ಏನೂ ತೋಚದಿದ್ದರೆ ಸುಮ್ಮನೆ ಪಕ್ಕದಲ್ಲಿ ಕುಳಿತುಕೊಳ್ಳಿ.

ನನ್ನ ಮಾತಿನಲ್ಲಿ ಭೌತವಿಜ್ಞಾನದ ತಪ್ಪುಗಳಿದ್ದರೆ, ನಿಮ್ಮಲ್ಲಿ ಹೆಚ್ಚು ಓದಿದವರು ಸಂಕೋಚವಿಲ್ಲದೆ ತಿದ್ದಿರಿ. ನಿಮ್ಮ ಉತ್ತರಪತ್ರಿಕೆಗಳಿಗೆ ನಾನು ಕೆಂಪು ಶಾಯಿ ಬಳಸಿದ್ದೇನೆ. ಈಗ ಸರದಿ ನಿಮ್ಮದು.