ಲೆಕ್ಕದ ಪುಸ್ತಕ ಕೊಂದ ರೈಲು

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಕೀತ್ಲಿ ಎಂಬ ಹಳೆಯ ಗಿರಣಿ ಊರಿದೆ. ಅಲ್ಲಿಂದ ಆಕ್ಸನ್‌ಹೋಪ್‌ವರೆಗಿನ 5 ಮೈಲಿ ದಾರಿಯಲ್ಲಿ ಉಗಿಬಂಡಿ ಹತ್ತಿ ಹೋಗಿಬಂದೆವು. ಏರು ದಾರಿ, ಎಂಜಿನ್ ಏದುಸಿರು ಬಿಡುತ್ತ ಏರುತ್ತದೆ. ಓಕ್‌ವರ್ತ್ ನಿಲ್ದಾಣದಲ್ಲಿ ಇಂದಿಗೂ ಗ್ಯಾಸಿನ ದೀಪ. ಒಲೆಗೆ ಕಲ್ಲಿದ್ದಲು ತುಂಬುವವರು, ಟಿಕೇಟು ಕೊಡುವವರು, ಬಾವುಟ ತೋರಿಸುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ನೋಡಿ ಸಂತೋಷಪಟ್ಟೆವು. ಜೊತೆಗೊಂದು ಪ್ರಶ್ನೆಯೂ ನಮ್ಮ ಬೆನ್ನು ಹತ್ತಿತು.

ಈ ದಾರಿ ವಿನೋದಕ್ಕಾಗಿ ಹುಟ್ಟಿದ್ದಲ್ಲ. ಕಣಿವೆಯ ಉಣ್ಣೆ ಗಿರಣಿಗಳಿಗೆ ಕಲ್ಲಿದ್ದಲು ಬೇಕಿತ್ತು; ಗಿರಣಿ ಮಾಲೀಕರು ಮುಂದೆ ನಿಂತರು; 1867ರಲ್ಲಿ ಗಾಡಿ ಓಡಿತು. 1948ರಲ್ಲಿ ಲೇಬರ್ ಸರ್ಕಾರ ದೇಶದ ರೈಲುಗಳನ್ನು ರಾಷ್ಟ್ರೀಕರಿಸಿತು. ರೈಲು ಜನರದಾಯಿತೆಂದು ಸಮಾಜವಾದಿಗಳು ಹಿಗ್ಗಿದರು. ಆದರೆ ಆ ಜನರ ರೈಲೇ ನಷ್ಟದ ಮಾತೆತ್ತಿ 1961ರ ಕೊನೆಗೆ ಇಲ್ಲಿ ಪ್ರಯಾಣಿಕರ ಗಾಡಿಯನ್ನು, 1962ರಲ್ಲಿ ಸರಕು ಗಾಡಿಯನ್ನು ನಿಲ್ಲಿಸಿತು. 1963ರಲ್ಲಿ ಬೀಚಿಂಗ್ ಸಾಹೇಬರ ವರದಿ ದೇಶದಲ್ಲಿ ಸುಮಾರು 5,000 ಮೈಲಿ ದಾರಿ ಮುಚ್ಚಿರೆಂದಿತು. ಟೋರಿಗಳು ಎತ್ತಿದ ಆ ಕೊಡಲಿಯನ್ನು 1964ರಲ್ಲಿ ಬಂದ ಲೇಬರ್ ಸರ್ಕಾರವೂ ಕೆಳಗಿಡಲಿಲ್ಲ. ನಮ್ಮವರ ತಪ್ಪನ್ನು ನಾವೇ ಹೇಳಬೇಕು.

ನಷ್ಟ ಯಾರಿಗೆ? ಗಾಡಿ ತಪ್ಪಿದ ಕೂಲಿಗಾರನ ನಡಿಗೆ, ಅಂಗಡಿಯವನ ಹೆಚ್ಚಿನ ಸಾಗಣೆ ವೆಚ್ಚ ರೈಲಿನ ಜಮಾಖರ್ಚಿನಲ್ಲಿ ಬರುವುದಿಲ್ಲ. ಒಡೆಯ ಬದಲಾದ, ಲೆಕ್ಕ ಬರೆಯುವ ರೀತಿ ಹಳೆಯ ಒಡೆಯನದೇ ಉಳಿಯಿತು.

ಊರ ಜನ ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿದರು, ಹಣ ಕೂಡಿಸಿದರು, ತುಕ್ಕು ಕೆರೆದರು. 1968ರ ಜೂನ್ 29ರಂದು ಗಾಡಿ ಮತ್ತೆ ಹೊರಟಿತು. ಅಪ್ಪಣೆ ಕೊಡುವ ಸಾಹೇಬನಿಲ್ಲದೆಯೂ ಸಾಮಾನ್ಯರು ರೈಲು ನಡೆಸಬಲ್ಲರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೂ ನಾವು ಮೋಸಹೋಗಬಾರದು. ಉಳಿದದ್ದು ಎಂಜಿನ್, ಪೂರ್ತಿ ಉಳಿಯದಿದ್ದದ್ದು ಸೇವೆ. ಇಂದಿನ ಗಾಡಿ ಮುಖ್ಯವಾಗಿ ರಜೆಯಲ್ಲಿ ನೋಡಬಂದವರದು, ದಿನವೂ ಬೆಳಗ್ಗೆ ಕೆಲಸಕ್ಕೆ ಓಡುವವರದಲ್ಲ. ಬಂದವರಿಂದ ಹಾವರ್ತ್ ಊರಿನ ಅಂಗಡಿಗಳಿಗೆ ವ್ಯಾಪಾರವುಂಟು, ಅದು ಸಣ್ಣ ಮಾತಲ್ಲ. ಆದರೆ ಮುಚ್ಚಿದ ಮೇಲೆ ಪ್ರೀತಿಸುವುದಕ್ಕಿಂತ ಮುಚ್ಚುವ ಮೊದಲೇ ಜಗಳವಾಡುವುದು ಮೇಲು.

ಗೆಳೆಯರೇ, ರೈಲಾಗಲಿ, ಬಸ್ಸಾಗಲಿ, ಆಸ್ಪತ್ರೆಯಾಗಲಿ, ನಷ್ಟದಲ್ಲಿದೆ ಎಂದು ಯಾರಾದರೂ ಬಾಗಿಲಿಗೆ ಬೀಗ ಹಿಡಿದು ಬಂದರೆ, ಮೊದಲು ಲೆಕ್ಕದ ಪುಸ್ತಕ ತೋರಿಸೆಂದು ಕೇಳಿ. ಅದರಲ್ಲಿ ನಿಮ್ಮ ಹೆಸರಿನ ಪುಟ ಇದೆಯೇ ನೋಡಿ.