ತಲೆಯಲ್ಲಿ ನೀರಿದೆ ಎಂದು ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ

ನಾನು ಹೃದಯದ ಡಾಕ್ಟರ್. ಆದರೂ ಡೊಂಬಿವಲಿಯ ನಮ್ಮವರೊಬ್ಬರು, ಹೋಟೆಲ್ ನಡೆಸುವವರು, ಅಕ್ಕನ ಮಗನ ಎಂಆರ್‌ಐ ರಿಪೋರ್ಟನ್ನು ನನ್ನ ವಾಟ್ಸಾಪಿಗೆ ಕಳಿಸಿ, "ಡಾಕ್ಟ್ರೇ, ವೆಂಟ್ರಿಕಲ್ ದೊಡ್ಡದಾಗಿದೆ ಅಂತ ಬರೆದಿದ್ದಾರೆ, ಹಾರ್ಟಿಗೆ ಏನಾದ್ರೂ ಆಗಿದೆಯಾ?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ವೆಂಟ್ರಿಕಲ್ ಹೃದಯದಲ್ಲೂ ಇವೆ, ಮೆದುಳಿನಲ್ಲೂ ಇವೆ. ಹೃದಯದ್ದರಲ್ಲಿ ರಕ್ತ, ಮೆದುಳಿನದ್ದರಲ್ಲಿ ತಿಳಿನೀರಿನಂಥ ದ್ರವ. ಅದು ದಿನಕ್ಕೆ ಸುಮಾರು ಅರ್ಧ ಲೀಟರ್ ತಯಾರಾಗುತ್ತದೆ, ಅಷ್ಟೇ ರಕ್ತಕ್ಕೆ ವಾಪಸು ಸೇರುತ್ತದೆ.

ಹುಡುಗನಿಗೆ ಎರಡು ವರ್ಷದಿಂದ ಫಿಟ್ಸ್. ರಿಪೋರ್ಟ್ ಓದಿ ಮನೆಯವರೇ ತೀರ್ಮಾನ ಮಾಡಿಬಿಟ್ಟಿದ್ದರು: ತಲೆಯಲ್ಲಿ ನೀರು ತುಂಬಿದ್ದರಿಂದಲೇ ಫಿಟ್ಸ್, ಆಪರೇಷನ್ ಮಾಡಿಸಿದರೆ ಗುಣ, ಇನ್ನು ಮಾತ್ರೆ ಯಾಕೆ? ನಿಲ್ಲಿಸಿದ ನಾಲ್ಕನೇ ದಿನ ಅವನು ಲೋಕಲ್‌ಗೆ ಕಾಯುತ್ತಾ ಪ್ಲಾಟ್‌ಫಾರ್ಮಿನಲ್ಲೇ ಬಿದ್ದ. ಪುಣ್ಯಕ್ಕೆ ಹಳಿಯ ಕಡೆ ಬೀಳಲಿಲ್ಲ.

ವೆಂಟ್ರಿಕಲ್ ದೊಡ್ಡದಾದ ಮಾತ್ರಕ್ಕೆ ಫಿಟ್ಸ್ ಬರುವುದು ಅಪರೂಪ. ಹೆಚ್ಚಿನವರಲ್ಲಿ ಎರಡಕ್ಕೂ ಮೂಲ ಒಂದೇ. ಚಿಕ್ಕಂದಿನಲ್ಲಿ ಮೆದುಳಿಗೆ ತಗುಲಿದ ಟಿಬಿ, ಹುಟ್ಟುವಾಗ ಆದ ರಕ್ತಸ್ರಾವ, ಲಾಡಿಹುಳುವಿನ ಗಂಟು, ಇವು ದ್ರವ ಹರಿಯುವ ದಾರಿಯನ್ನು ಕಟ್ಟುತ್ತವೆ, ಮೆದುಳಿನ ಮೇಲೆ ಕಲೆಯನ್ನೂ ಉಳಿಸುತ್ತವೆ. ಫಿಟ್ಸ್ ಏಳುವುದು ಆ ಕಲೆಯಿಂದ. ಹಾಗಾಗಿ ನೀರು ಇಳಿಸಲು ಹೊಟ್ಟೆಗೆ ನಳಿಕೆ, ಅಂದರೆ ಶಂಟ್, ಹಾಕಿಸಿಕೊಂಡ ಮೇಲೂ ಅನೇಕರಿಗೆ ಮಾತ್ರೆ ಬೇಕೇ ಬೇಕು. ವಯಸ್ಸಾದವರದು ಬೇರೆಯೇ ಕಥೆ. ಮೆದುಳು ಸ್ವಲ್ಪ ಸೊರಗುತ್ತದೆ, ಸಾಮಾನು ಖಾಲಿಯಾದ ಮನೆಯ ಹಾಲ್‌ನಂತೆ ಜಾಗ ದೊಡ್ಡದಾಗಿ ಕಾಣುತ್ತದೆ, ಅಷ್ಟೇ.

ಇಂಗ್ಲಿಷಿನ ರಿಪೋರ್ಟ್ ಕೈಗಿಟ್ಟು ಮನೆಗೆ ಕಳಿಸುತ್ತೇವೆ, ಎರಡು ಮಾತು ಬಿಡಿಸಿ ಹೇಳುವುದಿಲ್ಲ. ಇದು ನಮ್ಮ ಡಾಕ್ಟರುಗಳ ತಪ್ಪು, ಒಪ್ಪುತ್ತೇನೆ. ಆದರೆ ರಿಪೋರ್ಟಿನ ಒಂದು ಸಾಲು ನೋಡಿ ಮಾತ್ರೆ ಬಿಡುವುದು ಪ್ರಾಣದ ಜೊತೆ ಆಟ.

ತಡಮಾಡಬಾರದ ಸಂದರ್ಭಗಳೂ ಇವೆ. ಹಸುಗೂಸಿನ ತಲೆ ಬೇಗಬೇಗ ದೊಡ್ಡದಾಗುತ್ತಿದ್ದರೆ, ನೆತ್ತಿ ಉಬ್ಬಿದ್ದರೆ, ಬೆಳಿಗ್ಗೆ ತಲೆನೋವಿನ ಜೊತೆ ವಾಂತಿಯಾದರೆ, ಶಂಟ್ ಇರುವವರು ಮಂಕಾದರೆ ಅಥವಾ ಅವರಿಗೆ ಹೊಸದಾಗಿ ಫಿಟ್ಸ್ ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಯಾರದೇ ಫಿಟ್ಸ್ 5 ನಿಮಿಷ ದಾಟಿದರೂ ಹಾಗೇ. ಕೀಲಿಕೈ, ಈರುಳ್ಳಿ ಹುಡುಕುತ್ತಾ ಕೂರಬೇಡಿ. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ.

ನನ್ನ ವಿಭಾಗದ್ದೂ ಒಂದು ಮಾತು: ಹೃದಯದ ಬಡಿತ ತಪ್ಪಿ ಬಿದ್ದವರೂ ಕೈಕಾಲು ಅದುರಿಸುತ್ತಾರೆ, ನೋಡಿದವರು ಫಿಟ್ಸ್ ಅನ್ನುತ್ತಾರೆ. ಮೊದಲ ಸಲ ಬಿದ್ದಾಗ ಇಸಿಜಿ ಕೂಡ ಮಾಡಿಸಿ.

ಪರೇಲಿನ ಕೆಇಎಂ, ಸಯನ್, ನಾಯರ್, ಮೂರೂ ಮಹಾನಗರಪಾಲಿಕೆಯ ಆಸ್ಪತ್ರೆಗಳು, ನ್ಯೂರಾಲಜಿ ವಿಭಾಗ ಇದೆ. ಊರಿಗೆ ಹೋಗುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ರಿಪೋರ್ಟಿನ ಜೊತೆ ಫಿಲ್ಮ್ ಅಥವಾ ಸಿಡಿ ಒಯ್ಯಿರಿ, ಬೀಳುವಾಗ ಯಾರಾದರೂ ಮೊಬೈಲಿನಲ್ಲಿ ವಿಡಿಯೋ ತೆಗೆದಿದ್ದರೆ ಅದನ್ನೂ ತೋರಿಸಿ.

ಆ ಹುಡುಗನಿಗೆ ಆಪರೇಷನ್ ಬೇಕಾಗಲಿಲ್ಲ. ಮಾತ್ರೆ ಮತ್ತೆ ಶುರುವಾಗಿದೆ, ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದಾನೆ. ಹಬ್ಬಕ್ಕೆ ಊರಿಗೆ ಹೊರಡುವಾಗ ಮಾತ್ರೆಯ ಡಬ್ಬಿ ಬ್ಯಾಗಿಗೆ ಮೊದಲು ಹಾಕು ಎಂದು ಅವನಿಗೆ ಹೇಳಿದ್ದೇನೆ, ನಿಮಗೂ ಹೇಳುತ್ತಿದ್ದೇನೆ.