ಬೆಟ್ಟಕ್ಕೂ ನಮಗೂ ನಡುವೆ ಗಾಳಿ ಇದೆ

ನಮ್ಮ ಕಾಲೇಜಿನ ಕ್ಯಾಂಟೀನ್ ಹಿಂದಿನ ಗೋಡೆಯ ಮೇಲೆ ಬೆಟ್ಟದ ಚಿತ್ರ ಬರೆದು ಮೂರು ತಿಂಗಳಾಯಿತು. ಬರೆದವರಲ್ಲಿ ನಾನೂ ಒಬ್ಬಳು. ಹಾಗಾಗಿ ಈಗ ಹೇಳುವ ಮಾತನ್ನು ಯಾರೂ ತಮ್ಮ ಮೇಲಿನ ಟೀಕೆ ಎಂದುಕೊಳ್ಳಬೇಡಿ. ಆ ಚಿತ್ರ ತಪ್ಪಾಗಿದೆ. ವಾರ್ಷಿಕೋತ್ಸವಕ್ಕೆ ಮೊದಲು ಅದರ ಮೇಲೆ ಬಿಳಿ ಬಳಿದು ಮತ್ತೆ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂದು ಹೇಳುತ್ತೇನೆ.

ಆ ಚಿತ್ರವನ್ನು ನೋಡದವರಿಗೂ ಅದು ಗೊತ್ತು. ಒಂದನೇ ತರಗತಿಯಿಂದ ನಾವೆಲ್ಲ ಬರೆದ ಅದೇ 'ಸೀನರಿ'. ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ಒಂದು ಗುಡಿಸಲು, ಒಂದು ತೆಂಗಿನ ಮರ. ಗೋಡೆ ದೊಡ್ಡದಿತ್ತು ಎಂದು ನಾವು ಬೆಟ್ಟಗಳನ್ನು ಐದು ಮಾಡಿದೆವು. ಅಂಗಡಿಯಿಂದ ತಂದ ಒಂದೇ ಡಬ್ಬಿ ಕಡು ಹಸಿರನ್ನು ಐದಕ್ಕೂ ಬಳಿದೆವು. ಹಿಂದಿನದನ್ನು ಚಿಕ್ಕದಾಗಿ, ಮುಂದಿನದನ್ನು ದೊಡ್ಡದಾಗಿ ಬರೆದರೆ ದೂರ ತಾನಾಗಿ ಕಾಣುತ್ತದೆ ಎಂದುಕೊಂಡಿದ್ದೆವು. ಕಾಣಲಿಲ್ಲ. ಐದೂ ಬೆಟ್ಟ ಒಂದೇ ಸಾಲಿನಲ್ಲಿ, ಒಂದಕ್ಕೊಂದು ಅಂಟಿಸಿದ ಹಸಿರು ಕಾಗದದ ಹಾಗೆ ನಿಂತಿವೆ.

ತಪ್ಪು ಏನೆಂದು ನನಗೆ ಗೊತ್ತಾದದ್ದು ಪೋಷಕರ ಸಭೆಯ ದಿನ. ನನ್ನ ಅಬ್ಬಾ ಮೊದಲು ಬೋರ್ಡ್ ಬರೆಯುತ್ತಿದ್ದರು. ಅಂಗಡಿ ಬೋರ್ಡು, ಲಾರಿ ಹಿಂದಿನ ಸೀನರಿ, ಮದುವೆ ಮಂಟಪದ ಹಿಂದೆ ಕಟ್ಟುವ ಪರದೆ, ಎಲ್ಲ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕಡಿಮೆಯಾಗುತ್ತಾ ನಿಂತೇ ಹೋಯಿತು. ಈಗ ಅವರು ಒಂದು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಮೆಷಿನ್ ಮುಂದೆ ನಿಲ್ಲುತ್ತಾರೆ. ನಾನು ಬ್ರಷ್ ಹಿಡಿಯುವುದು ಅವರಿಗೆ ಅಷ್ಟು ಇಷ್ಟವಿಲ್ಲ. ನನ್ನನ್ನು ಕಾಮರ್ಸ್‌ಗೆ ಸೇರಿಸಿದವರೂ ಅವರೇ. ಅಂದು ಗೋಡೆ ಎದುರು ಸ್ವಲ್ಪ ಹೊತ್ತು ನಿಂತು ಒಂದೇ ಮಾತು ಕೇಳಿದರು: "ಬೇಟಾ, ಪಹಾಡ್ ಹೈ, ಝಾಡ್ ಹೈ. ಬೀಚ್ ಮೇ ಹವಾ ಕಾಂ ಹೈ?" ಬೆಟ್ಟ ಇದೆ, ಮರ ಇದೆ, ನಡುವೆ ಗಾಳಿ ಎಲ್ಲಿದೆ ಎಂದು.

ಗಾಳಿಯನ್ನು ಹೇಗೆ ಬರೆಯುವುದು ಎಂದು ನಾನು ನಕ್ಕೆ. ಅವರು ನಗಲಿಲ್ಲ. ಟೆರೇಸ್‌ಗೆ ಹೋಗಿ ನೋಡು ಎಂದರು.

ಚಿಕ್ಕಮಗಳೂರಿನಲ್ಲಿ ಇದ್ದುಕೊಂಡು ಬೆಟ್ಟ ನೋಡಲು ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್, ನಮ್ಮ ಊರಿನ ಪಕ್ಕದಲ್ಲೇ ಇದೆ. ಟೆರೇಸ್ ಮೇಲೆ ನಿಂತು ನೋಡಿದೆ. ಕಾಂಪೌಂಡ್ ಪಕ್ಕದ ಸಿಲ್ವರ್ ಓಕ್ ಮರ ನಿಜವಾಗಿ ಕಡು ಹಸಿರು, ನೆರಳಿನ ಕಡೆ ಹೆಚ್ಚು ಕಡಿಮೆ ಕಪ್ಪು. ಅದರ ಎಲೆ ಎಣಿಸಬಹುದು. ಅದರಾಚೆ ಮರಗಳ ಗುಂಪು, ಹಸಿರೇ, ಆದರೆ ಬೂದಿ ಬೆರೆತ ಹಸಿರು. ಅದರಾಚೆಯ ಗುಡ್ಡ ಹಸಿರೋ ನೀಲಿಯೋ ಹೇಳಲು ಕಷ್ಟ. ಕೊನೆಯ ಸಾಲು ಪೂರ್ತಿ ನೀಲಿ, ಆಕಾಶಕ್ಕಿಂತ ಒಂದೇ ಒಂದು ಅಂಶ ಗಾಢ. ಆ ಬೆಟ್ಟದ ಮೇಲೂ ಹುಲ್ಲು, ಮರ ಇವೆ ಎಂದು ನನಗೆ ಗೊತ್ತು, ಅಲ್ಲಿಗೆ ಹೋಗಿ ಬಂದಿದ್ದೇನೆ. ಆದರೂ ಇಲ್ಲಿಂದ ಅದು ನೀಲಿ. ನಾವು ಗೋಡೆ ಮೇಲೆ ಬರೆದದ್ದು ನಮಗೆ ಗೊತ್ತಿದ್ದ ಬಣ್ಣ, ಕಂಡ ಬಣ್ಣ ಅಲ್ಲ.

ಇದರ ಕಾರಣವನ್ನು ಸೈನ್ಸ್ ವಿಭಾಗದ ಗೆಳತಿಯೊಬ್ಬಳು ಬಿಡಿಸಿ ಹೇಳಿದಳು. ಗಾಳಿಯ ಅಣುಗಳು ಬೆಳಕನ್ನು ಚದುರಿಸುತ್ತವೆ. ನೀಲಿ ಬೆಳಕಿನ ಅಲೆ ಚಿಕ್ಕದು, ಕೆಂಪಿನದು ಉದ್ದ. ಅಲೆ ಚಿಕ್ಕದಾದಷ್ಟೂ ಚದುರುವುದು ಬಹಳ ಹೆಚ್ಚು. ಲಾರ್ಡ್ ರೇಲಿ 1871ರಲ್ಲಿ ಲೆಕ್ಕ ಹಾಕಿ ತೋರಿಸಿದ ಪ್ರಕಾರ, 450 ನ್ಯಾನೋಮೀಟರಿನ ನೀಲಿ 650 ನ್ಯಾನೋಮೀಟರಿನ ಕೆಂಪಿಗಿಂತ 4 ಪಟ್ಟಿಗೂ ಹೆಚ್ಚು ಚದುರುತ್ತದೆ. ಹಾಗಾಗಿ ಬೆಟ್ಟಕ್ಕೂ ನಮ್ಮ ಕಣ್ಣಿಗೂ ನಡುವೆ ಇರುವ ಗಾಳಿ ಖಾಲಿ ಅಲ್ಲ, ಅದು ತೆಳುವಾದ ನೀಲಿ ಪರದೆ. ಎಷ್ಟು ದೂರವೋ ಅಷ್ಟು ಪರದೆಗಳು. ಮಳೆಗಾಲದ ಮಂಜಿನ ಹನಿಗಳು ಮಾತ್ರ ಅಣುಗಳಿಗಿಂತ ಬಹಳ ದೊಡ್ಡವು, ಅವು ಎಲ್ಲ ಬಣ್ಣವನ್ನೂ ಹೆಚ್ಚು ಕಡಿಮೆ ಸಮನಾಗಿ ಚದುರಿಸುತ್ತವೆ. ಅದಕ್ಕೇ ಜುಲೈಯಲ್ಲಿ ನಮ್ಮ ಬೆಟ್ಟ ಬೆಳ್ಳಗಾಗಿ ಮಾಯವಾಗುತ್ತದೆ. ಮಳೆ ಬಿಟ್ಟು ಧೂಳು ತೊಳೆದುಹೋದ ದಿನ ಅದೇ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ ಬಂದ ಹಾಗೆ ಕಾಣುತ್ತದೆ. ಬೆಟ್ಟ ಎಲ್ಲಿತ್ತೋ ಅಲ್ಲೇ ಇದೆ. ಬದಲಾದದ್ದು ನಡುವಿನ ಗಾಳಿ.

ಕಾಮರ್ಸ್‌ನವರಿಗೆ ಇದನ್ನು ನಾನು ಇನ್ನೂ ಸುಲಭವಾಗಿ ಹೇಳಬಲ್ಲೆ. ಫಸ್ಟ್ ಪಿಯುನಲ್ಲಿ ನಾವು ಸವಕಳಿ ಲೆಕ್ಕ ಮಾಡಿದ್ದೇವೆ. ಸ್ಟ್ರೇಟ್ ಲೈನ್ ವಿಧಾನದಲ್ಲಿ ಪ್ರತಿ ವರ್ಷ ಒಂದೇ ಮೊತ್ತ ಕಳೆಯುತ್ತೇವೆ. ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ ಉಳಿದದ್ದರ ಮೇಲೆ ಶೇಕಡಾವಾರು ಕಳೆಯುತ್ತೇವೆ. 10,000 ರೂಪಾಯಿಯ ಯಂತ್ರಕ್ಕೆ ಶೇ. 20 ಎಂದರೆ ಮೊದಲ ವರ್ಷ 2,000, ಎರಡನೇ ವರ್ಷ 1,600, ಮೂರನೇ ವರ್ಷ 1,280. ಗಾಳಿ ಮಾಡುವುದು ಎರಡನೇ ಲೆಕ್ಕವನ್ನು. ಗಾಳಿ ಎಲ್ಲ ಕಡೆ ಒಂದೇ ಸಮ ಇದ್ದರೆ, ಪ್ರತಿ ಕಿಲೋಮೀಟರಿಗೆ ಬೆಟ್ಟದ ಗಾಢತೆಯಲ್ಲಿ ಉಳಿದದ್ದರ ಒಂದು ಪಾಲು ಹೋಗುತ್ತದೆ. ಹಾಗಾಗಿ ಎದುರಿನ ಮರಕ್ಕೂ ಮೊದಲ ಗುಡ್ಡಕ್ಕೂ ವ್ಯತ್ಯಾಸ ಬಹಳ, ಕೊನೆಯ ಎರಡು ಬೆಟ್ಟಗಳ ನಡುವೆ ವ್ಯತ್ಯಾಸ ಇದೆಯೋ ಇಲ್ಲವೋ ಎನ್ನುವಷ್ಟು. ಇಟಲಿಯ ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಐದು ಪಟ್ಟು ದೂರದ್ದನ್ನು ಐದು ಪಟ್ಟು ನೀಲಿ ಮಾಡಬೇಕು ಎಂಬ ಅರ್ಥದ ಸಲಹೆ ಬರೆದಿಟ್ಟಿದ್ದಾನೆ. ಅಂದರೆ ಸ್ಟ್ರೇಟ್ ಲೈನ್! ಆದರೆ ಮೊನಾಲಿಸಾ ಚಿತ್ರದ ಹಿಂದಿನ ಬೆಟ್ಟಗಳನ್ನು ನೋಡಿದರೆ ಅವನ ಕೈ ಅವನ ಸಲಹೆಗಿಂತ ಜಾಣ ಎನ್ನಿಸುತ್ತದೆ.

ಇದು ಯೂರೋಪಿನವರ ವಿದ್ಯೆ, ನಮಗೇಕೆ ಎಂದು ಒಬ್ಬರು ಕೇಳಿದರು. ಚೀನಾದ ಗುವೊ ಶಿ 1072ರಲ್ಲೇ 'ಮುಂಚಿನ ವಸಂತ' ಎಂಬ ಚಿತ್ರದಲ್ಲಿ ಬರೀ ಮಸಿ ಮತ್ತು ಮಂಜಿನಿಂದ ಬೆಟ್ಟಗಳನ್ನು ದೂರ ಸರಿಸಿದ್ದ. ನಮ್ಮ ದೇಶದಲ್ಲಿ ಅಕ್ಬರನ ಕಾಲದ ಚಿತ್ರಕಾರರು ಇದನ್ನು ಕಂಡ ತಕ್ಷಣ ಹಿಡಿದರು. 1580ರಲ್ಲಿ ಫತೇಪುರ್ ಸಿಕ್ರಿಗೆ ಬಂದ ಜೆಸ್ಯೂಟ್ ಪಾದ್ರಿಗಳು ಯೂರೋಪಿನ ಚಿತ್ರಗಳನ್ನು ತಂದಿದ್ದರು. ಬಸಾವನನಂಥವರು ಅಂಥ ಚಿತ್ರಗಳನ್ನು ನೋಡಿ, ತಮ್ಮ ಚಿತ್ರದ ಹಿಂಭಾಗದಲ್ಲಿ ಚಿಕ್ಕ, ಮಸುಕಾದ ಊರುಗಳನ್ನು, ತಿಳಿ ನೀಲಿ ಬೆಟ್ಟಗಳನ್ನು ಬರೆಯತೊಡಗಿದರು. ಅದಕ್ಕಿಂತ ಹಿಂದಿನ ಪರ್ಷಿಯನ್ ಚಿತ್ರಗಳಲ್ಲಿ ದೂರದ್ದು ಪುಟದ ಮೇಲ್ಭಾಗಕ್ಕೆ ಹೋಗುತ್ತದೆ, ಬಣ್ಣ ಮಾತ್ರ ಅಷ್ಟೇ ಹೊಳೆಯುತ್ತದೆ. ಅದು ತಪ್ಪಲ್ಲ, ಅವರು ಬೇಕೆಂದೇ ಆರಿಸಿಕೊಂಡ ದಾರಿ. ನಾವು ಏನನ್ನೂ ಆರಿಸಲಿಲ್ಲ, ಡಬ್ಬಿಯಲ್ಲಿ ಇದ್ದದ್ದನ್ನು ಬಳಿದೆವು.

ಇನ್ನು ನಮ್ಮ ರಾಜ್ಯದಲ್ಲೇ ಕೆ. ವೆಂಕಟಪ್ಪ ಇದ್ದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಬಂದು, ಊಟಿ ಮತ್ತು ಕೊಡೈಕೆನಾಲ್‌ನ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಅವರ ಊಟಿ ಚಿತ್ರಗಳ ಮುದ್ರಿತ ಪ್ರತಿ ಸಿಕ್ಕರೆ ನೋಡಿ, ಮುಖ್ಯವಾದದ್ದು ಬೆಟ್ಟವೋ ಬೆಟ್ಟದ ಮುಂದಿನ ಗಾಳಿಯೋ ಎಂದು ಅನುಮಾನ ಬರುತ್ತದೆ.

ನಮ್ಮ ಕಾಲೇಜಿಗೆ ಇದು ಇನ್ನೊಂದು ಕಾರಣಕ್ಕೆ ಮುಖ್ಯ. ನಮ್ಮ ಮನೆಗಳಲ್ಲಿ ಜೀವಿಗಳ ಚಿತ್ರ ಬೇಡ ಎನ್ನುವ ಹಿರಿಯರಿದ್ದಾರೆ. ನನ್ನ ದಾದಿಮಾ ಕೂಡ ಹಾಗೇ. ಮರ, ಬೆಟ್ಟ, ನೀರಿಗೆ ಯಾರ ಆಕ್ಷೇಪವೂ ಇಲ್ಲ. ಆದ್ದರಿಂದ ಪ್ರತಿ ವರ್ಷ ನಮ್ಮ ಗೋಡೆಗೆ, ಚಾರ್ಟ್‌ಗೆ, ಸ್ಪರ್ಧೆಗೆ ಬರುವುದು ನಿಸರ್ಗಚಿತ್ರವೇ. ನಮ್ಮ ಪಾಲಿಗೆ ಬಂದ ಕೆಲಸ ಅದೇ ಆದರೆ ಅದನ್ನಾದರೂ ಚೆನ್ನಾಗಿ ಮಾಡಬೇಡವೇ? 'ಬೇರೇನೂ ಬರೆಯುವ ಹಾಗಿಲ್ಲ, ಅದಕ್ಕೇ ಸೀನರಿ' ಎಂಬ ಉದಾಸೀನ ನಮ್ಮಲ್ಲಿದೆ. ಒಂದು ಬೆಟ್ಟವನ್ನು ಸರಿಯಾಗಿ ದೂರ ಇಡಲು ಲಿಯೊನಾರ್ಡೊನಂಥವನೂ ಪುಟಗಟ್ಟಲೆ ಬರೆಯಬೇಕಾಯಿತು ಎಂದಮೇಲೆ ಅದು ಸಣ್ಣ ಕೆಲಸವಲ್ಲ.

ಸ್ಪರ್ಧೆಗಳ ತೀರ್ಪುಗಾರರಲ್ಲೂ ಒಂದು ವಿನಂತಿ. ಬಣ್ಣ ಎಷ್ಟು ಗಾಢವೋ ಅಷ್ಟು ಅಂಕ ಕೊಡುವ ಅಭ್ಯಾಸ ಬಿಡಬೇಕು. ಹಿಂದಿನ ಬೆಟ್ಟವನ್ನು ತೆಳುವಾಗಿ ಬರೆದ ಹುಡುಗನಿಗೆ "ಬಣ್ಣ ಸಾಲದು" ಎಂದು ಹೇಳಿದ್ದನ್ನು ನಾನೇ ಒಂದು ಸ್ಪರ್ಧೆಯಲ್ಲಿ ಕೇಳಿದ್ದೇನೆ. ಆ ಹುಡುಗ ಬೆಟ್ಟ ನೋಡಿ ಬರೆದಿದ್ದ. ಬಹುಮಾನ ಬಂದದ್ದು ನನಗೆ, ನಾನು ನೋಡದೆ ಬರೆದಿದ್ದೆ.

ಸೆಕೆಂಡ್ ಪಿಯು ಪರೀಕ್ಷೆ ಹತ್ತಿರ ಇರುವಾಗ ಗೋಡೆಯ ಚಿಂತೆ ಯಾಕೆ ಎಂದು ನಮ್ಮ ಅಕೌಂಟೆನ್ಸಿ ಸರ್ ಕೇಳುತ್ತಾರೆ ಎಂದು ಗೊತ್ತು. ಇದರಿಂದ ಅಂಕ ಬರುವುದಿಲ್ಲ, ಒಪ್ಪುತ್ತೇನೆ. ಕೆಲಸವೂ ಸಿಗಲಿಕ್ಕಿಲ್ಲ, ಅದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ದಿನಾ ಎರಡು ಹೊತ್ತು ನೋಡುವ ಬೆಟ್ಟದ ಬಣ್ಣ ನನಗೆ ಹದಿನೇಳು ವರ್ಷ ತಿಳಿದಿರಲಿಲ್ಲ ಎಂಬುದು ನನಗೆ ನಾಚಿಕೆ ತಂದಿದೆ. ಹೀಗೆ ನೋಡದೆ ಗೊತ್ತು ಎಂದುಕೊಂಡಿರುವುದು ಇನ್ನೆಷ್ಟಿದೆಯೋ.

ಮಾಡಬೇಕಾದದ್ದು ಕಷ್ಟವಿಲ್ಲ. ಅಬ್ಬಾ ಹೇಳಿದ ವಿಧಾನ ಇದು. ಮೊದಲು ಆಕಾಶದ ಬಣ್ಣವನ್ನು ಒಂದು ದೊಡ್ಡ ಡಬ್ಬಿಯಲ್ಲಿ ಬೆರೆಸಿಟ್ಟುಕೊಳ್ಳಬೇಕು. ಕೊನೆಯ ಬೆಟ್ಟದಿಂದ ಶುರು ಮಾಡಬೇಕು, ಅದಕ್ಕೆ ಬೇಕಾದದ್ದು ಆಕಾಶದ ಬಣ್ಣ ಮತ್ತು ಒಂದಿಷ್ಟೇ ಹಸಿರು. ಮುಂದೆ ಬರುತ್ತಾ ಹಸಿರು ಹೆಚ್ಚು, ಆಕಾಶ ಕಡಿಮೆ. ಬೆಟ್ಟದ ಬುಡವನ್ನು ನೆತ್ತಿಗಿಂತ ತೆಳುವಾಗಿ ಬಿಡಬೇಕು, ಕಣಿವೆಯಲ್ಲಿ ಮಂಜು ಕೂರುತ್ತದೆ. ಎಲೆ, ಕೊಂಬೆ, ಕಲ್ಲು ಎಲ್ಲ ಎದುರಿನ ಸಾಲಿಗೆ ಮಾತ್ರ. ನಿಜವಾದ ಕಪ್ಪು ಇಡೀ ಗೋಡೆಯಲ್ಲಿ ಒಂದೇ ಕಡೆ, ಹತ್ತಿರದ ಮರದ ನೆರಳಿನಲ್ಲಿ.

ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಎರಡು. ಗೋಡೆಯನ್ನು ಮತ್ತೆ ಬರೆಯಲು ಒಂದು ಭಾನುವಾರ ಕೊಡಿ. ತಿಂಗಳಿಗೊಂದು ಶನಿವಾರ ಕೊನೆಯ ಪೀರಿಯಡ್‌ನಲ್ಲಿ, ಯಾವ ವಿಭಾಗದವರಾದರೂ ಸರಿ, ಟೆರೇಸ್ ಮೇಲೆ ಕೂತು ಬರೆಯಲು ಅನುಮತಿ ಕೊಡಿ. ಬಣ್ಣದ ಖರ್ಚಿನ ಲೆಕ್ಕವನ್ನು ಕಾಮರ್ಸ್‌ನವರು ನಾವೇ ಇಡುತ್ತೇವೆ. ಬಣ್ಣ ಬೆರೆಸಲು ಬರುತ್ತೀರಾ ಎಂದು ಅಬ್ಬಾರನ್ನು ಕೇಳಿದ್ದೇನೆ. ಇನ್ನೂ ಹೂಂ ಅಂದಿಲ್ಲ. ಆದರೆ ಗೋಡೆ ಎಷ್ಟು ಅಡಿ ಉದ್ದ ಎಂದು ಎರಡು ಸಲ ಕೇಳಿದ್ದಾರೆ.

ಸೇರಬೇಕು ಎನ್ನುವವರು ಈ ವಾರ ಯಾವುದಾದರೂ ಒಂದು ದಿನ, ಮೊದಲ ಬೆಲ್‌ಗೆ ಮುಂಚೆ ಟೆರೇಸ್‌ಗೆ ಬನ್ನಿ. ಬ್ರಷ್ ತರಬೇಡಿ. ಮೊದಲು ಬೆಟ್ಟ ನೋಡೋಣ.